ಎಡಗಡೆಯ ಕಿಂಡಿ

ನಮ್ಮ ಅವ್ವ ಕಾರಿನಲ್ಲಿ ಕೂಡುವುದು ಯಾವಾಗಲೂ ಮುಂದಿನ ಎಡ ಸೀಟಿನಲ್ಲಿ. ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆ ಎನ್ನುತ್ತಾಳೆ. ಆಕೆಯ ತವರು ಕಮಲಾಪುರದ ಹತ್ತಿರ. ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ಅಣ್ಣನ ಮಕ್ಕಳ ಮುಖ ನೋಡಿ, ಒಂದು ರಾತ್ರಿ ಇದ್ದು, ಮರುದಿನ ಬರುವಾಗ ಒಂದು ಡಜನ್ ಕೆಂಪು ಬಾಳೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಬಂದರೇನೇ ಆಕೆಗೆ ಸಮಾಧಾನ. ಹೋದ ವರ್ಷ ಯುಗಾದಿ ಮುಗಿದು ವಾರವಾಗಿತ್ತು. ಹುಮನಾಬಾದ್ ರಿಂಗ್ ರೋಡ್ ದಾಟಿ ಹೆದ್ದಾರಿ ಹತ್ತಿದ ಮೇಲೆ ಅಂದಳು: "ತಮ್ಮಾ, ಈ ಕಡಿ ಗಾಳಿ ಬೆಚ್ಚಗ ಬರ್ಲಾಕತ್ತದ ನೋಡು."

ನಾನು ನನ್ನ ಮುಂದಿನ ಕಿಂಡಿಗೆ ಕೈ ಹಿಡಿದೆ. ಬೆರಳು ಜುಮ್ಮೆನ್ನುವಷ್ಟು ತಣ್ಣಗಿತ್ತು. "ಎಸಿ ಛಲೋ ಅದ ಅವ್ವಾ, ಹೊರಗ ಬಿಸಿಲೇ ಹಂಗದ" ಅಂದೆ. ಆಕೆ ಮತ್ತೆ ಮಾತಾಡಲಿಲ್ಲ. ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದಳು. ಆ ಸೆರಗು ಬೀಸುವುದನ್ನು ನಾನು ಮುಂದೆ ಎರಡು ತಿಂಗಳು ನೋಡಿದೆ. ನೋಡಿದೆನೇ ಹೊರತು ಅದು ಏನು ಹೇಳುತ್ತಿದೆ ಎಂದು ಕೇಳಲಿಲ್ಲ.

ಕಲಬುರಗಿಯಲ್ಲಿ ಬಿಸಿಲನ್ನು ದೂರುವುದು ಸುಲಭ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಸರಕಾರಿ ಕಚೇರಿಗಳು ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕುತ್ತವೆ. ಬೆಂಗಳೂರಿನ ಗೆಳೆಯರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. 42, 43 ಡಿಗ್ರಿ ನಮಗೆ ಸುದ್ದಿಯಲ್ಲ. ಹನ್ನೊಂದಕ್ಕೆಲ್ಲ ರಸ್ತೆ ಖಾಲಿ. ಶಹಾಬಾದ್ ಫರ್ಸಿ ಹಾಸಿದ ಅಂಗಳದಲ್ಲಿ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಡಲಾಗದು. ನಾನು ಸಣ್ಣವನಿದ್ದಾಗ ಮನೆಯ ಮೂಲೆಯಲ್ಲಿ ಮಣ್ಣಿನ ರಂಜಣಿಗಿ, ಅದರ ಕೆಳಗೆ ಮರಳು, ಮರಳಿನಲ್ಲಿ ರಾಗಿ ಮೊಳಕೆ ಇರುತ್ತಿದ್ದವು. ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಹೊಯ್ದು, ಹಬೆ ಆರಿದ ಮೇಲೆ ಅಲ್ಲೇ ಹಾಸಿಗೆ. ಬಿಸಿಲಿಗೆ ಹೊರಟವರ ಕಿಸೆಗೆ ಅವ್ವ ಒಂದು ಉಳ್ಳಾಗಡ್ಡಿ ತುರುಕುತ್ತಿದ್ದಳು. ಉಳ್ಳವರ ಮನೆಯ ಬಾಗಿಲಿಗೆ ಖಸ್ ತಟ್ಟಿ. ಅದಕ್ಕೆ ನೀರು ಚಿಮುಕಿಸಿದಾಗ ಬರುವ ಬೇರಿನ ವಾಸನೆ ನನಗೆ ಇಂದಿಗೂ ಬೇಸಿಗೆ ರಜೆಯ ವಾಸನೆ.

ರಂಜಣಿಗಿ, ತಟ್ಟಿ, ಆಮೇಲೆ ಬಂದ ತಗಡಿನ ಕೂಲರ್, ಇವೆಲ್ಲ ಮಾಡುವ ಕೆಲಸ ಒಂದೇ. ನೀರು ಆವಿಯಾಗುವಾಗ ತನ್ನ ಸುತ್ತಲಿನ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ನಮ್ಮ ಬೇಸಿಗೆಯ ಗಾಳಿ ಒಣಗಾಳಿ. ನೀರನ್ನು ಗಟಗಟ ಕುಡಿಯುತ್ತದೆ, ಅದಕ್ಕೇ ಕೂಲರ್ ಇಲ್ಲಿ ಅಷ್ಟು ಚೆನ್ನಾಗಿ ನಡೆಯುತ್ತದೆ. ಅದೇ ಕೂಲರನ್ನು ಮಂಗಳೂರಿಗೆ ಒಯ್ದರೆ ಮೈ ಅಂಟು ಅಂಟಾಗುವುದೇ ಬಂತು, ಅಲ್ಲಿನ ಗಾಳಿಗೆ ಮೊದಲೇ ಹೊಟ್ಟೆ ತುಂಬಿರುತ್ತದೆ. ಕಾರಿನ ಎಸಿಯೂ ಇದೇ ಮನೆತನದ್ದು. ನೀರಿನ ಜಾಗದಲ್ಲಿ ಬೇರೊಂದು ದ್ರವ ಇದೆ, ಅದು ಆವಿಯಾಗಿ ಹಾರಿಹೋಗದಂತೆ ಕೊಳವೆಯೊಳಗೆ ಬಂಧಿಸಿದ್ದಾರೆ ಅಷ್ಟೆ. ಈಗ ನಮ್ಮ ರಸ್ತೆಯಲ್ಲಿರುವ ಬಹುಪಾಲು ಕಾರುಗಳಲ್ಲಿ ಆ ದ್ರವದ ಹೆಸರು ಆರ್-134ಎ, ಅಂಗಡಿಯವರ ಬಾಯಲ್ಲಿ ಬರೀ ಗ್ಯಾಸ್. ಬಯಲಲ್ಲಿ ಬಿಟ್ಟರೆ ಅದು ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿ ಮಾಡುತ್ತದೆ. ಮುಂಭಾಗದ ಕಂಡೆನ್ಸರ್‌ನಲ್ಲಿ ಅದು ಹೊರಗಿನ ಗಾಳಿಗೆ ಬಿಸಿ ಕೊಟ್ಟು ದ್ರವವಾಗುತ್ತದೆ. ಒಂದು ಸಣ್ಣ ತೂತಿನ ವಾಲ್ವಿನ ಮೂಲಕ ನುಗ್ಗಿ ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್ ಸೇರಿದಾಗ ಒತ್ತಡ ಇಳಿದು ಕುದಿಯತೊಡಗುತ್ತದೆ. ಕುದಿಯಲು ಬೇಕಾದ ಬಿಸಿಯನ್ನು ನಮ್ಮ ಮೈಮೇಲೆ ಬರುವ ಗಾಳಿಯಿಂದ ಕಿತ್ತುಕೊಳ್ಳುತ್ತದೆ. ರಂಜಣಿಗಿಯ ಬೆವರಿಗೂ ಈ ಕಾಯಿಲ್‌ನ ಬೆವರಿಗೂ ಹತ್ತಿರದ ನಂಟು.

ಕಾರಿನ ತಂಪು ಎಲ್ಲರಿಗೂ ಸಮನಾಗಿ ಸಿಗದಿರುವುದು ಇಂದು ನಿನ್ನೆಯ ಸಂಗತಿಯಲ್ಲ. ಅಮೆರಿಕದ ಪ್ಯಾಕರ್ಡ್ ಕಂಪನಿ 1939ರ ಕೊನೆಗೆ, 1940ರ ಮಾದರಿ ಎಂದು, ಕಾರ್ಖಾನೆಯಿಂದಲೇ ಎಸಿ ಕೂಡಿಸಿದ ಕಾರನ್ನು ಮಾರತೊಡಗಿತು. 274 ಡಾಲರ್ ಹೆಚ್ಚಿನ ಬೆಲೆ. ಕೂಲಿಂಗ್ ಕಾಯಿಲ್ ಇದ್ದದ್ದು ಡಿಕ್ಕಿಯ ಕಡೆ, ಹಿಂದಿನ ಸೀಟಿನ ಬೆನ್ನಿಗೆ. ತಂಪು ಮೊದಲು ತಾಗುತ್ತಿದ್ದದ್ದು ಹಿಂದೆ ಕೂತವರ ಕುತ್ತಿಗೆಗೆ. ಬೇಡವೆನಿಸಿದರೆ ಚಾಲಕನ ಕೈಗೆ ಒಂದು ಸ್ವಿಚ್ಚೂ ಇರಲಿಲ್ಲ. ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಕಂಪ್ರೆಸರ್‌ನ ಬೆಲ್ಟ್ ಬಿಚ್ಚಬೇಕಿತ್ತು.

ನಮ್ಮದು ಹತ್ತು ವರ್ಷದ ಸಣ್ಣ ಕಾರು. ತಂಪಿನ ಗುಂಡಿ ಒಂದೇ. ಅವ್ವ ಎರಡನೆಯ ಸಲ ಹೇಳಿದಾಗ ನಾನು ಬಿಸಿಲಿನ ದಿಕ್ಕನ್ನು ಕಾರಣ ಮಾಡಿದೆ. ಕಲಬುರಗಿಯಿಂದ ಕಮಲಾಪುರಕ್ಕೆ ರಾಷ್ಟ್ರೀಯ ಹೆದ್ದಾರಿ 50 ಈಶಾನ್ಯಕ್ಕೆ ಹೋಗುತ್ತದೆ. ನಾವು ಹೊರಡುವುದು ಮಧ್ಯಾಹ್ನ ನಾಲ್ಕರ ಮೇಲೆ, ಪಡುವಣ ಸೂರ್ಯ ಬೀಳುವುದು ಎಡಗಡೆಯ ಹಿಂದಿನಿಂದ. ಮರುದಿನ ಬೆಳಿಗ್ಗೆ ನೈರುತ್ಯಕ್ಕೆ ಮುಖ ಮಾಡಿ ವಾಪಸು ಬರುವಾಗ ಮೂಡಣ ಸೂರ್ಯ ಬೀಳುವುದೂ ಎಡಗಡೆಯ ಹಿಂದಿನಿಂದಲೇ. ಹೋಗುವಾಗಲೂ ಬರುವಾಗಲೂ ಅವ್ವನ ಬದಿಗೇ ಬಿಸಿಲು! ಈ ಲೆಕ್ಕ ನನಗೆ ಎಷ್ಟು ಸರಿಯೆನಿಸಿತೆಂದರೆ, ಎಡಗಡೆಯ ಕಿಟಕಿಗೆ ಕಪ್ಪು ಜಾಲರಿ ಪರದೆ ತಂದು ಅಂಟಿಸಿ ಕೆಲಸ ಮುಗಿಯಿತೆಂದುಕೊಂಡೆ.

ಮೇ ತಿಂಗಳಲ್ಲಿ ಸೋದರಮಾವನಿಗೆ ಮೈಗೆ ಹುಷಾರಿಲ್ಲವೆಂದು ಫೋನ್ ಬಂತು. ರಾತ್ರಿ ಒಂಬತ್ತಕ್ಕೆ ಹೊರಟೆವು. ಮಹಾಗಾಂವ ಕ್ರಾಸ್ ದಾಟುವಷ್ಟರಲ್ಲಿ ಅವ್ವ ಕತ್ತಲಲ್ಲೇ ಸೆರಗು ಬೀಸುತ್ತಿರುವುದು ಕಂಡಿತು. ಸೂರ್ಯ ಎಲ್ಲಿದ್ದಾನೆ? ರಸ್ತೆ ಬದಿಗೆ ಗಾಡಿ ನಿಲ್ಲಿಸಿದೆ. ಅವತ್ತೇ ಮೊದಲ ಸಲ ನನ್ನ ಕೈಯನ್ನು ಎಡಗಡೆಯ ಕಿಂಡಿಯವರೆಗೆ ಚಾಚಿದ್ದು. ಫ್ಯಾನಿನ ಗಾಳಿ, ತಂಪಿಲ್ಲ. ಎರಡು ತಿಂಗಳಿನಿಂದ ಆಕೆ ಹೇಳುತ್ತಿದ್ದದ್ದು ಅಕ್ಷರಶಃ ನಿಜವಾಗಿತ್ತು. ಆಕೆ ಹೇಳಿದ್ದು ಗಾಳಿಯ ಮಾತು, ನಾನು ಉತ್ತರ ಕೊಟ್ಟದ್ದು ಬಿಸಿಲಿನ ಮಾತು. ಬಿಸಿಲು ಮೈಯನ್ನು ಸುಡಬಹುದು, ಕಿಂಡಿಯಿಂದ ಬರುವ ಗಾಳಿಯನ್ನು ಒಂದು ಬದಿಗೆ ಮಾತ್ರ ಬೆಚ್ಚಗೆ ಮಾಡಲಾರದು. ಇಷ್ಟು ಸರಳ ಸಂಗತಿ ತಿಳಿಯಲು ಕೈ ಎರಡು ಅಡಿ ಚಾಚಬೇಕಿತ್ತು.

ಮರುದಿನವೇ ಊರಿನ ಒಂದು ಅಂಗಡಿಗೆ ಒಯ್ದೆ. ಹುಡುಗನೊಬ್ಬ ಬಾನೆಟ್ ಎತ್ತಿ, ಕೊಳವೆಗೆ ಪೈಪು ಸಿಕ್ಕಿಸಿ, "ಗ್ಯಾಸ್ ಕಮ್ಮಿ ಆಗ್ಯಾದ ಸರ್" ಎಂದು ಒಂದು ಡಬ್ಬಿ ಸುರಿದ. ಹದಿನೈದು ನಿಮಿಷದ ಕೆಲಸ. ಎಷ್ಟು ಇತ್ತು, ಎಷ್ಟು ಹಾಕಿದ, ಎಲ್ಲಿಗೆ ಹೋಗಿತ್ತು? ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಎರಡೂ ಕಿಂಡಿ ತಣ್ಣಗಾದವು. ಮೂರು ವಾರ ಅವ್ವ ಸೆರಗು ಬೀಸಲಿಲ್ಲ. ನಾಲ್ಕನೆಯ ವಾರ ಮತ್ತೆ ಶುರುವಾಯಿತು.

ಆಗ ಗೆಳೆಯನೊಬ್ಬ ಮೋಮಿನಪುರದಲ್ಲಿ ಕಾರಿನ ಎಸಿ ರಿಪೇರಿ ಮಾಡುವ ಉಸ್ತಾದರ ಹತ್ತಿರ ಹೋಗು ಅಂದ. ಮೋಮಿನಪುರದ ಗಲ್ಲಿಗಳಲ್ಲಿ ಕಾರು ಒಯ್ಯುವುದೆಂದರೆ ಸೂಜಿಗೆ ದಾರ ಪೋಣಿಸಿದಂತೆ. ಎರಡೂ ಬದಿ ಅಂಗಡಿ, ಮನೆ, ನಿಲ್ಲಿಸಿದ ಸ್ಕೂಟರು, ತಳ್ಳುಗಾಡಿ. ಕನ್ನಡಿ ಮಡಚಿಕೊಂಡು, ಹಾದುಹೋಗುವವರೊಬ್ಬರು "ಆನೇ ದೋ, ಆನೇ ದೋ" ಎಂದು ಕೈ ಮಾಡುತ್ತಿರಲು, ಮೆಲ್ಲಗೆ ಸಾಗಬೇಕು. ಮೋಮಿನ್ ಎಂದರೆ ನಂಬಿಕೆಯುಳ್ಳವನು ಎಂದು ಅರ್ಥ. ನೇಯ್ಗೆ ಕಸುಬಿನ ಸಮುದಾಯಕ್ಕೂ ಆ ಹೆಸರಿದೆ. ದಖ್ಖನ್ನಿನ ಬೇರೆ ಊರುಗಳಲ್ಲೂ ಮೋಮಿನಪುರಗಳಿವೆ, ಹೆಸರಿನ ಹಿಂದೆ ಮಗ್ಗದ ನೆನಪಿರಬೇಕು. ನಮ್ಮ ಊರಿಗೆ ನೂಲಿನ ನೆನಪು ಇನ್ನೊಂದು ಕಡೆಯಿಂದಲೂ ಉಂಟು. ನಿಜಾಮರ ಕಾಲದ ಮಹಬೂಬ್ ಶಾಹಿ ಗಿರಣಿ ಎಂದೋ ನಿಂತುಹೋಗಿದೆ, ಎಂ.ಎಸ್.ಕೆ. ಮಿಲ್ ಎಂಬ ಬಡಾವಣೆಯ ಹೆಸರಲ್ಲಿ ಮಾತ್ರ ಬದುಕಿದೆ.

ನೂಲಿನ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಏರ್ ಕಂಡೀಶನಿಂಗ್ ಎಂಬ ಶಬ್ದ ಹುಟ್ಟಿದ್ದೇ ಬಟ್ಟೆ ಗಿರಣಿಯಲ್ಲಿ. ಯಂತ್ರವನ್ನು ರೂಪಿಸಿದವನು ವಿಲಿಸ್ ಕ್ಯಾರಿಯರ್. 1902ರಲ್ಲಿ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ, ಅದಕ್ಕೆ ಪರಿಹಾರವಾಗಿ ಮಾಡಿದ್ದು. ಹೆಸರಿಟ್ಟವನು ಮಾತ್ರ ಸ್ಟುವರ್ಟ್ ಕ್ರೇಮರ್, ಉತ್ತರ ಕೆರೊಲಿನಾದ ಹತ್ತಿ ಗಿರಣಿಗಳ ಇಂಜಿನಿಯರು. 1906ರಲ್ಲಿ. ಗಾಳಿಯ ತೇವ ಕಡಿಮೆಯಾದರೆ ಎಳೆ ಹರಿಯುತ್ತದೆ, ಗಿರಣಿಯ ಈ ಮೂಲೆಗೂ ಆ ಮೂಲೆಗೂ ಗಾಳಿ ಒಂದೇ ಹದದಲ್ಲಿರಬೇಕು ಎಂಬುದು ಅವನ ಚಿಂತೆಯಾಗಿತ್ತು. ಮನುಷ್ಯರ ಸುಖ ಆಮೇಲೆ ಬಂದದ್ದು. ನೇಕಾರರ ಹೆಸರಿನ ಮೊಹಲ್ಲಾದಲ್ಲಿ ಕುಳಿತು ಕಾರಿನೊಳಗಿನ ಗಾಳಿಯ ಹದ ನೋಡುವ ಉಸ್ತಾದರಿಗೆ ಈ ಕಥೆ ಹೇಳಿದಾಗ, ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಕೇಳಿದರು. "ನಮ್ಮ ಅಜ್ಜ ಮಗ್ಗದ ಮ್ಯಾಲೇ ಕೂಡ್ತಿದ್ರು ಸರ್" ಅಂದರು. ಮತ್ತೆ ಸ್ಪ್ಯಾನರ್ ಎತ್ತಿಕೊಂಡರು.

ಅವರು ಅರವತ್ತರ ಆಸುಪಾಸಿನವರು. ಅಂಗಡಿಯೆಂದರೆ ಒಂದು ಶಟರ್, ಒಂದು ಬೇವಿನ ಮರ, ಮರದ ಕೆಳಗೆ ಒಂದು ಗಾಡಿ ನಿಲ್ಲುವಷ್ಟು ಜಾಗ. ನಾನು ಬಾನೆಟ್ ಎತ್ತಲು ಹೋದರೆ ಬೇಡವೆಂದರು. ಎಡ ಸೀಟಿನಲ್ಲಿ ಕೂತಿದ್ದ ಅವ್ವನ ಹತ್ತಿರ ಹೋಗಿ, ಕಿಟಕಿಗೆ ಬಾಗಿ ಕೇಳಿದರು.

"ಅಮ್ಮಾ, ಗಾಳಿ ಕಮ್ಮಿ ಬರ್ತದೋ, ಗಾಳಿ ಬಂದು ತಂಪು ಕಮ್ಮಿನೋ?"

"ಗಾಳಿ ಭರ್ರ ಅಂತ ಬರ್ತದ ಭಾಯಿ. ತಂಪಿಲ್ಲ."

"ಗಾಡಿ ನಿಂತಾಗ ಜಾಸ್ತಿ ಬಿಸಿನೋ, ಓಡೋವಾಗನೂ ಅಷ್ಟೇನೋ?"

"ಎರಡೂ ಒಂದೇ. ಹೊರಟಾಗ ಸ್ವಲ್ಪ ತಂಪು ಇದ್ದಂಗ ಅನಸ್ತದ, ಆಮ್ಯಾಲ ಇಲ್ಲ."

"ಟಿಕ್ ಟಿಕ್ ಅಂತ ಏನರ ಸಪ್ಪಳ ಬರ್ತದೇನು, ನಿಮ್ಮ ಕಾಲಿನ ಕಡಿ?"

"ಇಲ್ಲ."

ಮೂರು ಪ್ರಶ್ನೆ. ಇವುಗಳಲ್ಲಿ ಅರ್ಧ ರೋಗ ಗೊತ್ತಾಗಿತ್ತು ಎಂದು ಅವರು ಆಮೇಲೆ ಬಿಡಿಸಿ ಹೇಳಿದರು. ಗಾಳಿಯೇ ಕಡಿಮೆಯಾಗಿದ್ದರೆ ಫಿಲ್ಟರ್ ಕಟ್ಟಿರುತ್ತದೆ, ಇಲ್ಲವೆ ಕಾಯಿಲ್ ಮೇಲೆ ಐಸ್ ಕೂತಿರುತ್ತದೆ. ಗಾಡಿ ನಿಂತಾಗ ಮಾತ್ರ ಬೆಚ್ಚಗಾದರೆ ಕಂಡೆನ್ಸರ್‌ಗೆ ಗಾಳಿ ಸಾಲುತ್ತಿಲ್ಲ, ಮುಂದಿನ ಫ್ಯಾನ್ ನೋಡಬೇಕು. ಟಿಕ್ ಟಿಕ್ ಎಂದರೆ ಡ್ಯಾಶ್‌ಬೋರ್ಡಿನೊಳಗೆ ಬಿಸಿ ತಂಪು ಬೆರೆಸುವ ಪಡದೆಯನ್ನು ತಿರುಗಿಸುವ ಪುಟ್ಟ ಮೋಟರಿನ ಹಲ್ಲು ಮುರಿದಿದೆ. ನಮ್ಮ ಊರಿನ ಹಳೆಯ ಹಕೀಮರು ಎರಡೂ ಮಣಿಕಟ್ಟಿನ ನಾಡಿ ಹಿಡಿಯುತ್ತಿದ್ದರು, ಹಿಡಿದು ರೋಗಿಯ ಮಾತನ್ನು ಪೂರಾ ಕೇಳುತ್ತಿದ್ದರು. ನನಗೆ ಅದು ನೆನಪಾಯಿತು. ಅವ್ವ ಕಾರಿನೊಳಗೆ ನೆಟ್ಟಗೆ ಕೂತಿದ್ದಳು. ಅಷ್ಟು ದಿನಗಳಲ್ಲಿ ಆಕೆಯನ್ನು ಈ ವಿಷಯದಲ್ಲಿ ಒಂದು ಪೂರ್ತಿ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಆಮೇಲೆ ಅಳತೆ. ಗಾಡಿ ನೆರಳಿಗೆ ನಿಲ್ಲಿಸಿ, ಗಾಜು ಏರಿಸಿ, ಒಳಗಿನ ಗಾಳಿಯೇ ತಿರುಗುವಂತೆ ಗುಂಡಿ ಒತ್ತಿ, ಫ್ಯಾನ್ ಜೋರಾಗಿಟ್ಟು, ಇಂಜಿನ್ ಸ್ವಲ್ಪ ಏರಿಸಿ ಹತ್ತು ನಿಮಿಷ ಕಾದರು. ಕಡ್ಡಿಯಂಥ ಥರ್ಮಾಮೀಟರನ್ನು ಒಂದೊಂದೇ ಕಿಂಡಿಯೊಳಗೆ ಇಳಿಸಿದರು. ನನ್ನ ಬಲಗಡೆಯ ಕಿಂಡಿ 9 ಡಿಗ್ರಿ, ನಡುವಿನವು 12 ಮತ್ತು 16, ಅವ್ವನ ಎಡಗಡೆಯ ಕಿಂಡಿ 20. ಎರಡು ಮೂರು ಡಿಗ್ರಿ ಹೆಚ್ಚುಕಮ್ಮಿ ಇದ್ದರೆ ಚಿಂತೆಯಿಲ್ಲ, ಹನ್ನೊಂದು ಡಿಗ್ರಿ ಎಂದರೆ ರೋಗವೇ. ಅವರು ಆ ನಾಲ್ಕು ಅಂಕಿಗಳನ್ನು ಸೀಮೆಸುಣ್ಣದಲ್ಲಿ ಶಟರಿನ ಮೇಲೆ ಬರೆದರು. ಬಲದಿಂದ ಎಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರಿದ ಬಿಸಿ. "ಅಮ್ಮಾ ಹೇಳಿದ್ದು ಖರೇ ಅದ ಸರ್" ಅಂದರು.

ಫಿಲ್ಟರ್ ತೆಗೆದರು. ಬೇವಿನ ಹೂವು, ಎರಿಮಣ್ಣಿನ ಧೂಳು, ನೆಹರು ಗಂಜಿನ ಕಡೆ ಓಡಾಡಿದ್ದಕ್ಕೆ ತೊಗರಿ ಹೊಟ್ಟು. ಜಾಡಿಸಿದರು. ಅಂಕಿ ಬದಲಾಗಲಿಲ್ಲ. ಇಂಜಿನ್ನಿನ ಬಿಸಿನೀರು ಹೀಟರಿಗೆ ಹೋಗುವ ರಬ್ಬರ್ ಪೈಪನ್ನು ಇಕ್ಕಳದಿಂದ ಹಿಚುಕಿ ಹಿಡಿದರು. ಹೀಟರಿನ ಬಿಸಿ ಬೆರೆಯುತ್ತಿದ್ದರೆ ಈಗ ಇಳಿಯಬೇಕಿತ್ತು, ಇಳಿಯಲಿಲ್ಲ. ಒತ್ತಡ ನೋಡಲು ನೀಲಿ, ಕೆಂಪು ಮುಖದ ಎರಡು ಗೇಜು ಸಿಕ್ಕಿಸಿದರು. ನೀಲಿ ಮುಳ್ಳು 18ರ ಹತ್ತಿರ ನಿಂತಿತು, ಆ ಬಿಸಿಲಿಗೆ 40ರ ಆಸುಪಾಸು ಇರಬೇಕಂತೆ. ಕೆಂಪು ಮುಳ್ಳೂ ಇರಬೇಕಾದುದಕ್ಕಿಂತ ಎಷ್ಟೋ ಕೆಳಗೆ. ಎರಡೂ ಏರಿದ್ದರೆ ಗ್ಯಾಸ್ ಹೆಚ್ಚಾಗಿದೆ, ಇಲ್ಲವೆ ಕಂಡೆನ್ಸರ್ ಬಿಸಿ ಬಿಡುತ್ತಿಲ್ಲ. ಎರಡೂ ಇಳಿದಿದ್ದರೆ ಒಳಗೆ ಮಾಲೇ ಇಲ್ಲ.

ನನಗೆ ಅರ್ಥವಾಗದೆ ಉಳಿದದ್ದು ಒಂದೇ. ಗ್ಯಾಸ್ ಕಡಿಮೆಯಾದರೆ ಎರಡೂ ಕಡೆ ತಂಪು ಕಡಿಮೆಯಾಗಬೇಕಲ್ಲ? ನನ್ನ ಕಡೆ ಯಾಕೆ ಏನೂ ಗೊತ್ತಾಗಲಿಲ್ಲ?

ಉಸ್ತಾದರು ಚಹಾ ತರಿಸಿದರು. "ಜೇವರಗಿ ಕಡಿ ಕಾಲುವೆ ನೋಡೀರೇನು ಸರ್?" ಅಂದರು.

ನೋಡಿದ್ದೇನೆ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆ, ಅದರ ಜೇವರಗಿ ಶಾಖೆ. ಕಾಲುವೆ ಶುರುವಾಗುವ ಕಡೆಯ ಹೊಲಗಳಲ್ಲಿ ಭತ್ತ ತೂಗುತ್ತಿರುತ್ತದೆ. ಕೊನೆಯ ಹೊಲಗಳಲ್ಲಿ ಕಾಲುವೆಯ ಸಿಮೆಂಟು ಒಣಗಿ ಸೀಳಿರುತ್ತದೆ. ಕೊನೆ ಭಾಗದ ರೈತರು ನೀರಿಗಾಗಿ ಧರಣಿ ಕೂತ ಸುದ್ದಿ ನಮ್ಮ ಜಿಲ್ಲಾ ಪುಟಗಳಲ್ಲಿ ಎಷ್ಟು ಸಲ ಬಂದಿದೆಯೋ. ಮೇಲಿನ ಹೊಲದವನನ್ನು ಕೇಳಿದರೆ ಕಾಲುವೆಯಲ್ಲಿ ನೀರಿದೆ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಅವನ ಹೊಲದ ಮುಂದೆ ನೀರಿದೆ.

ಕೂಲಿಂಗ್ ಕಾಯಿಲ್‌ನಲ್ಲಿ ಆಗುವುದೂ ಅದೇ. ನಮ್ಮ ಕಾರಿನಲ್ಲಿ ದ್ರವ ಮೊದಲು ಸೇರುವುದು ಕಾಯಿಲ್‌ನ ಬಲಭಾಗಕ್ಕೆ. ಬೇರೆ ಕೆಲವು ಗಾಡಿಗಳಲ್ಲಿ ಎಡದಿಂದ. ಗ್ಯಾಸ್ ತುಂಬಾ ಇದ್ದಾಗ ದ್ರವ ಕುದಿಯುತ್ತ ಕುದಿಯುತ್ತ ಕಾಯಿಲ್‌ನ ಉದ್ದಕ್ಕೂ ಸಾಗಿ ಆ ತುದಿ ಮುಟ್ಟುತ್ತದೆ. ಅರ್ಧಕ್ಕೆ ಇಳಿದಾಗ ಮೊದಲ ಕೆಲವು ಸುತ್ತಿನಲ್ಲೇ ಎಲ್ಲ ಕುದಿದು ಮುಗಿಯುತ್ತದೆ. ಮುಂದಿನ ಸುತ್ತುಗಳಲ್ಲಿ ಹರಿಯುವುದು ಒಣ ಆವಿ, ಅದಕ್ಕೆ ಬಿಸಿ ಹೀರುವ ಶಕ್ತಿ ತೀರಾ ಕಡಿಮೆ. ಬಲ ಅರ್ಧದಿಂದ ಹಾದ ಗಾಳಿ ನನ್ನ ಕಿಂಡಿಗೆ ಬರುತ್ತದೆ, ಎಡ ಅರ್ಧದಿಂದ ಹಾದದ್ದು ಅವ್ವನ ಕಿಂಡಿಗೆ. ಕೊರತೆ ಇಡೀ ಗಾಡಿಯದು. ಅನುಭವಿಸಿದವಳು ಕೊನೆಯ ಹೊಲದವಳೊಬ್ಬಳೇ. ಸ್ಟೀರಿಂಗ್ ಹಿಡಿದವನು ಮೇಲಿನ ಹೊಲದಲ್ಲಿದ್ದ.

ಒಂದೇ ಗುಂಡಿಯ ಗಾಡಿಯಲ್ಲಿ ಎಡಕ್ಕೂ ಬಲಕ್ಕೂ ಇಷ್ಟು ಅಂತರ ಕಂಡರೆ ಮೊದಲ ಸಂಶಯ ಗ್ಯಾಸಿನ ಮೇಲೆ, ಏಕೆಂದರೆ ಬಿಸಿ ತಂಪು ಬೆರೆಸುವ ಪಡದೆ ಅದರಲ್ಲಿ ಎರಡೂ ಬದಿಗೆ ಒಂದೇ. ಆ ಪಡದೆ ಕೆಟ್ಟರೆ ಎರಡೂ ಕಡೆ ಕೆಡಬೇಕು. ದೊಡ್ಡ ಗಾಡಿಗಳ ದಾರಿ ಬೇರೆ. ನಾವು ಕೂತಿದ್ದಾಗಲೇ ಅಂಥ ಒಂದು ಗಾಡಿ ಬಂತು. ಎಡಕ್ಕೊಂದು ಬಲಕ್ಕೊಂದು ತಂಪಿನ ಗುಂಡಿ, ಎಡಗಡೆ ಬೆಂಕಿಯಂಥ ಗಾಳಿ. ಮಾಲೀಕ ಗ್ಯಾಸ್ ಹಾಕಿ ಎಂದು ಹಟ ಹಿಡಿದ. ಉಸ್ತಾದರು ಎಡ ಗುಂಡಿಯನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ, ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟು ನನ್ನನ್ನೂ ಕರೆದರು. ಟಿಕ್ ಟಿಕ್ ಟಿಕ್. "ಇದಕ್ಕ ಗ್ಯಾಸ್ ಬ್ಯಾಡ್ರಿ. ಪಡದಿ ಮೋಟರ್ ಹೋಗ್ಯಾದ. ಗ್ಯಾಸ್ ಹಾಕಿದ್ರ ನಿಮ್ಮ ರೊಕ್ಕ ಹಾಳು, ಕಂಪ್ರೆಸರೂ ಹಾಳು." ಕೆಲವು ಗಾಡಿಗಳಲ್ಲಿ ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಈ ಮೋಟರು ತನ್ನ ಜಾಗ ಮರೆಯುವುದೂ ಉಂಟು, ಆಗ ಅದಕ್ಕೆ ತುದಿಗಳನ್ನು ಮತ್ತೆ ಕಲಿಸಿದರೆ ಸಾಕು. ಲಕ್ಷಣ ಒಂದೇ, ಎಡಗಡೆ ಬಿಸಿ. ರೋಗ ಬೇರೆ, ಮದ್ದು ಬೇರೆ. ಆ ಮಾಲೀಕ ಬಿಡಿಭಾಗ ತರಿಸಲು ಒಪ್ಪಿದ. ಹೀಗೆ ಸುಲಭದ ದುಡ್ಡು ಬಿಟ್ಟು ಗಿರಾಕಿಗೆ ಇದ್ದದ್ದು ಹೇಳುವವರ ಮೇಲೆ ನನಗೆ ದೊಡ್ಡ ಗೌರವ.

ನನ್ನ ಗಾಡಿಗೂ ಉಸ್ತಾದರು ಕೂಡಲೇ ಗ್ಯಾಸ್ ಹಾಕಲಿಲ್ಲ. "ಗ್ಯಾಸ್ ಏನು ಪೆಟ್ರೋಲ್ ಅದರೀ? ಸುಟ್ಟು ಹೋಗಲ್ರೀ. ಒಳಗಿಂದು ಒಳಗೇ ತಿರುಗ್ತದ. ಕಮ್ಮಿ ಆಗ್ಯಾದ ಅಂದ್ರ ಎಲ್ಲೋ ಸೋರ್ಲಾಕತ್ತದ." ಈ ಮಾತನ್ನು ಪ್ರತಿ ಎಸಿ ಅಂಗಡಿಯ ಬಾಗಿಲ ಮೇಲೆ ಬರೆಸಬೇಕು. ಗ್ಯಾಸಿಗೆ ಬಣ್ಣವಿಲ್ಲ, ಸೋರಿದ ಜಾಗ ತೋರುವುದಿಲ್ಲ. ಆದರೆ ಅದರ ಜೊತೆ ಕಂಪ್ರೆಸರಿನ ಎಣ್ಣೆಯೂ ತಿರುಗುತ್ತಿರುತ್ತದೆ. ಸೋರುವಲ್ಲಿ ಎಣ್ಣೆ ಒಸರಿ, ಅದಕ್ಕೆ ನಮ್ಮೂರಿನ ಧೂಳು ಹತ್ತಿ, ಕಪ್ಪು ಮಚ್ಚೆಯಾಗುತ್ತದೆ. ಅವರು ಕೊಳವೆಗಳ ಉದ್ದಕ್ಕೂ ಬೆರಳಾಡಿಸಿದರು. ಒಳಗೆ ಹೊಳೆಯುವ ಬಣ್ಣ ಸೇರಿಸಿ, ಒಂದಿಷ್ಟು ಗಾಡಿ ಓಡಿಸಿ ಸಂಜೆಗೆ ಬನ್ನಿ ಅಂದರು.

ನಾವು ಆ ಹೊತ್ತನ್ನು ಕೋಟೆಯ ಜಾಮಿ ಮಸೀದಿಯಲ್ಲಿ ಕಳೆದೆವು. ಅವ್ವ ಹೊರಗೆ ಮರದ ಕೆಳಗೆ ಕೂಡುತ್ತೇನೆಂದಳು, ನಾನೇ ಒಳಗೆ ಕರೆದೊಯ್ದೆ. 1367ರಲ್ಲಿ ಕಟ್ಟಿದ್ದು, ಸುಮಾರು 216 ಅಡಿಗೆ 176 ಅಡಿ. ನಮ್ಮ ದೇಶದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ತೆರೆದ ಅಂಗಳ ಇದಕ್ಕಿಲ್ಲ, ಇಡೀ ನೆಲಕ್ಕೆ ಗುಮ್ಮಟಗಳ ಮಾಡು. ಹೊರಗೆ ಬೆಂಕಿ. ಒಳಗೆ ದಪ್ಪ ಕಂಬಗಳ, ಕಮಾನುಗಳ ನಡುವೆ ಎಲ್ಲಿ ನಿಂತರೂ ಒಂದೇ ತಂಪು. ಬಾಗಿಲ ಬದಿಗೆ ನಿಂತೆ, ಮೂಲೆಗೆ ಹೋಗಿ ನಿಂತೆ, ನಡುವೆ ನಿಂತೆ. ಬೆಳಿಗ್ಗೆಯಿಂದ ಥರ್ಮಾಮೀಟರಿನ ಗುಂಗಿನಲ್ಲಿದ್ದವನಿಗೆ ಅದೊಂದು ಪವಾಡದಂತೆ ಕಂಡಿತು. ಅವ್ವ ಕಂಬಕ್ಕೊರಗಿ, ಸೆರಗು ಮಡಿಲಲ್ಲಿಟ್ಟು, ಅರ್ಧ ಗಂಟೆ ನಿದ್ದೆ ಮಾಡಿದಳು.

ಮಗ್ರಿಬ್ ಆಜಾನ್ ಮುಗಿದು ಕತ್ತಲಾದ ಮೇಲೆ ಉಸ್ತಾದರು ನೇರಳೆ ದೀಪ ಹಿಡಿದು ಬಾನೆಟ್ಟಿನೊಳಗೆ ಬಾಗಿದರು. ಕಂಡೆನ್ಸರಿನಿಂದ ಹೊರಡುವ ಸಣ್ಣ ಕೊಳವೆಯ ಕೀಲಿನಲ್ಲಿ ಸಾಸಿವೆಗಾತ್ರದ ಒಂದು ಹಸಿರು ಚುಕ್ಕೆ ಮಿಣುಗುಟ್ಟಿತು. ಅಲ್ಲಿನ ರಬ್ಬರ್ ಉಂಗುರ ಹತ್ತು ಬೇಸಿಗೆಯಲ್ಲಿ ಬೆಂದು ಸೀಳಿತ್ತು.

ಮರುದಿನ ಬೆಳಿಗ್ಗೆ ಕೆಲಸ. ಒಳಗೆ ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದೊಳಗೆ ಎಳೆದುಕೊಂಡು ತೂಗಿದರು: 190 ಗ್ರಾಂ. ಬಾನೆಟ್ಟಿನ ಒಳಬದಿಯ ಚೀಟಿಯಲ್ಲಿ ಇರಬೇಕಾದದ್ದು 420 ಗ್ರಾಂ ಎಂದಿತ್ತು. ಉಂಗುರ ಬದಲಿಸಿದರು. ನಲವತ್ತು ನಿಮಿಷ ವ್ಯಾಕ್ಯೂಮ್ ಎಳೆದು, ಪಂಪು ನಿಲ್ಲಿಸಿ, ಇಪ್ಪತ್ತು ನಿಮಿಷ ಮುಳ್ಳು ಅಲುಗದೆಂದು ನೋಡಿದರು. ಆಮೇಲೆ ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು, ಕಳೆದುಹೋದ ಎಣ್ಣೆಯಷ್ಟನ್ನು ಸೇರಿಸಿ, 420 ಗ್ರಾಂ ಅಳೆದು ತುಂಬಿದರು. ಜಾಸ್ತಿಯೂ ಇಲ್ಲ, ಕಮ್ಮಿಯೂ ಇಲ್ಲ.

ಗಾಳಿಗೆ ಬಿಡಲಿಲ್ಲ ಎಂದೆನಲ್ಲ, ಅದನ್ನು ಇನ್ನಷ್ಟು ಹೇಳಬೇಕು. ಮೊದಲಿನ ಕಾರುಗಳ ಆರ್-12 ಓಝೋನ್ ಪದರಕ್ಕೆ ತೂತು ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಕೈಬಿಟ್ಟು ಆರ್-134ಎ ತಂದರು. ಇದು ಓಝೋನನ್ನು ಮುಟ್ಟುವುದಿಲ್ಲ, ಆದರೆ ಭೂಮಿಯನ್ನು ಬೆಚ್ಚಗೆ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,430 ಪಟ್ಟು ಬಲಶಾಲಿ. ಅದಕ್ಕೇ 2016ರ ಕಿಗಾಲಿ ತಿದ್ದುಪಡಿಯಲ್ಲಿ ಇದನ್ನೂ ಹಂತ ಹಂತವಾಗಿ ಇಳಿಸಲು ಒಪ್ಪಿದರು, ಭಾರತ 2021ರಲ್ಲಿ ಅದನ್ನು ಅಂಗೀಕರಿಸಿತು. ಲೆಕ್ಕ ಹಾಕಿ ನೋಡಿದೆ. ನಮ್ಮಂಥ ಸಣ್ಣ ಕಾರಿನ 400 ಗ್ರಾಂ ಗ್ಯಾಸ್ ಪೂರ್ತಿ ಸೋರಿದರೆ ಸುಮಾರು 570 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ, ಅಂದರೆ ಹತ್ತಿರ ಹತ್ತಿರ 250 ಲೀಟರ್ ಪೆಟ್ರೋಲು ಸುಟ್ಟಂತೆ. ನಾನು ಸೋರುವ ಗಾಡಿಗೆ ಒಮ್ಮೆ ಡಬ್ಬಿ ಸುರಿಸಿದ್ದೆ. ಸೋರಿದ ಒಂದೊಂದು ಗ್ರಾಮೂ ನಮ್ಮ 43 ಡಿಗ್ರಿಗೆ ತನ್ನ ಪಾಲು ಕೂಡಿಸಿಯೇ ಹೋಗಿರುತ್ತದೆ. ಸೋರುವ ಜಾಗ ಹುಡುಕದೆ ಗ್ಯಾಸ್ ಹಾಕುವುದು ತಪ್ಪು, ಹಾಕಿಸಿಕೊಳ್ಳುವುದೂ ತಪ್ಪು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ.

ದುರಸ್ತಿಯಾದ ಮೇಲಿನ ಮೊದಲ ಕಮಲಾಪುರ ಪ್ರಯಾಣದಲ್ಲಿ ರಸ್ತೆ ನನಗೆ ಬೇರೆಯಾಗಿ ಕಂಡಿತು. ಪಕ್ಕದಲ್ಲಿ ಸಿಮೆಂಟು ಹೊತ್ತ ಲಾರಿಗಳು, ಫರ್ಸಿ ಕಲ್ಲು ಹೊತ್ತ ಲಾರಿಗಳು. ಚಾಲಕರು ಹಸಿ ಟವೆಲ್ಲನ್ನು ಕಿಟಕಿಗೆ ಕಟ್ಟಿಕೊಂಡು, ಕುತ್ತಿಗೆಗೆ ಸುತ್ತಿಕೊಂಡು ಕೂತಿದ್ದರು. ಅದೂ ಒಂದು ಖಸ್ ತಟ್ಟಿಯೇ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವೆಂದು ಕೇಂದ್ರ ಸರಕಾರ ಆದೇಶ ಮಾಡಿದೆ. ಬಹಳ ಒಳ್ಳೆಯದು, ಬಹಳ ತಡವಾದದ್ದೂ ಹೌದು. ಹಳೆಯ ಲಾರಿಗಳು ಇನ್ನೆಷ್ಟೋ ವರ್ಷ ಈ ರಸ್ತೆಯಲ್ಲಿ ಓಡುತ್ತವೆ, ಅವುಗಳ ಚಾಲಕರು ಇನ್ನೆಷ್ಟೋ ಬೇಸಿಗೆ ಟವೆಲ್ ಹಿಂಡಿಕೊಳ್ಳುತ್ತಾರೆ.

ಬರುವಾಗ ಅವ್ವ ಎರಡು ಡಜನ್ ಕೆಂಪು ಬಾಳೆ ಕೊಂಡಳು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಹಣ್ಣು ಅದು. ದಪ್ಪ ಸಿಪ್ಪೆ, ಒಳಗೆ ಕೆನೆಬಣ್ಣ, ಒಂದು ತಿಂದರೆ ಒಂದು ಹೊತ್ತಿನ ಊಟ. ಒಂದು ಡಜನ್ ಮನೆಗೆ, ಒಂದು ಡಜನ್ ಮೋಮಿನಪುರಕ್ಕೆ. ಮತ್ತೆ ಕನ್ನಡಿ ಮಡಚಿಕೊಂಡು ಆ ಗಲ್ಲಿಗೆ ಹೋದೆವು. ಉಸ್ತಾದರು ಹಣ್ಣಿನ ಚೀಲ ತೆಗೆದುಕೊಂಡು ಮೊದಲು ಕೇಳಿದ್ದು, "ಅಮ್ಮಾ, ಈಗ ಹ್ಯಾಂಗದ ಗಾಳಿ?"

"ಛಲೋ ಅದ ಭಾಯಿ. ಕಾಲಿಗೆ ಥಂಡಿ ಹತ್ತದ."

ಶಟರಿನ ಮೇಲಿನ ಸೀಮೆಸುಣ್ಣದ ಅಂಕಿಗಳು ಮಾಸಿದ್ದರೂ ಓದಲು ಬರುತ್ತಿದ್ದವು. ಅವುಗಳ ಕೆಳಗೆ ಅವರು ಹೊಸ ಅಂಕಿ ಬರೆದಿದ್ದರು.

ನಿಮ್ಮ ಕಾರಿನ ಎಸಿ ಚೆನ್ನಾಗಿದೆಯೆಂದು ನೀವು ನಂಬಿದ್ದರೆ ಒಂದು ಕೆಲಸ ಮಾಡಿ. ಗಾಡಿ ನೆರಳಿಗೆ ನಿಲ್ಲಿಸಿ, ಹತ್ತು ನಿಮಿಷ ಓಡಲು ಬಿಟ್ಟು, ಪಕ್ಕದ ಸೀಟಿನಲ್ಲಿ ಹೋಗಿ ಕೂತು ಆ ಕಿಂಡಿಗೆ ಕೈ ಹಿಡಿಯಿರಿ. ಹಿಂದಿನ ಸೀಟಿನಲ್ಲೂ ಕೂತು ನೋಡಿ. ಅಂತರ ಕಂಡರೆ, ಗ್ಯಾಸ್ ಹಾಕುವ ಮೊದಲು ಎಷ್ಟು ಇದೆ ಎಂದು ತೂಗಿಸಿ, ಎಲ್ಲಿ ಸೋರುತ್ತಿದೆ ಎಂದು ತೋರಿಸಲು ಹೇಳಿ. ತೋರಿಸದವರ ಅಂಗಡಿಯಿಂದ ಎದ್ದು ಬನ್ನಿ.

ಅದಾಗಿ ಒಂದು ವರ್ಷದ ಮೇಲಾಯಿತು. ನಾನೂ ಒಂದು ಕಡ್ಡಿ ಥರ್ಮಾಮೀಟರ್ ಕೊಂಡಿದ್ದೇನೆ. ಕಳೆದ ವಾರ ಮತ್ತೆ ಅಳೆದೆ: ಬಲಕ್ಕೆ 8, ಎಡಕ್ಕೆ 9.